ಕೊನೆಯ ಪ್ರೂಫ್‌ವರೆಗೂ: ಗಂಗಾಮೂಲದ ರಮಾಬಾಯಿ

ಭಾಗ 1

ಕಾರ್ಕಳದಿಂದ ಕುದುರೆಮುಖದ ಕಡೆ ಹೋಗಿದ್ದೀರಾ? ಘಾಟಿ ಹತ್ತೋಕೆ ಮೊದಲು ಮಾಳ ಅಂತ ಒಂದು ಊರು ಸಿಗುತ್ತೆ. ಟ್ರಿಪ್‌ಗೆ ಹೋಗೋ ನಾವು ಚೆಕ್‌ಪೋಸ್ಟ್ ದಾಟಿ ಮೇಲಿನ ಮಂಜು ನೋಡೋ ಆತುರದಲ್ಲಿ ಮುಂದೆ ಹೋಗಿಬಿಡ್ತೀವಿ. ಆ ಕಡೆಯ ಒಬ್ಬ ಸಂಸ್ಕೃತ ಪಂಡಿತರು ಅನಂತ ಶಾಸ್ತ್ರಿ ಡೋಂಗ್ರೆ. ಅವರು ಮೇಲಿನ ಗಂಗಾಮೂಲದ ಕಾಡಲ್ಲಿ ಮನೆ ಕಟ್ಟಿಕೊಂಡಿದ್ದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಅದೇ ಗಂಗಾಮೂಲ. 1858ರ ಏಪ್ರಿಲ್‌ನಲ್ಲಿ ಅಲ್ಲಿ ಅವರಿಗೆ ಒಬ್ಬ ಮಗಳು ಹುಟ್ಟಿದಳು. ಹೆಸರು ರಮಾ.

ಆ ರಮಾ ಮುಂದೆ ಪಂಡಿತಾ ರಮಾಬಾಯಿ ಆದರು. 1883ರಲ್ಲಿ ಇಂಗ್ಲೆಂಡ್‌ನಲ್ಲಿ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. 1922ರಲ್ಲಿ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ತೀರಿಕೊಂಡರು. ಮಧ್ಯೆ ಇರೋದು ಸುಮಾರು 39 ವರ್ಷ. ಈ ಸರಣಿ ಆ 39 ವರ್ಷದ ಬಗ್ಗೆ.

ಯಾಕೆ ಅಂದ್ರೆ, ನಂಬಿಕೆಗಾಗಿ ಪ್ರಾಣ ಕೊಟ್ಟವರ ಕಥೆ ನಾವು ತುಂಬ ಕೇಳಿದ್ದೀವಿ. ಸಿಂಹದ ಬಾಯಿ, ಬೆಂಕಿ, ಕತ್ತಿ. ಅದು ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಅದು ಒಂದು ದಿನದಲ್ಲಿ ಮುಗಿಯುತ್ತೆ. ಚರ್ಚಲ್ಲಿ 'ನಂಬಿಗಸ್ತಿಕೆ' ಅಂತ ಒಂದು ಪದ ಬಳಸ್ತಾರೆ. ಒಂದು ಕರೆ ಬಂತು, ಹೂಂ ಅಂದ್ರಿ, ಆಮೇಲೆ ಸಾಯೋವರೆಗೂ ಆ ಮಾತಿಗೆ ತಪ್ಪದೆ ಇರೋದು. ಚಪ್ಪಾಳೆ ನಿಂತಮೇಲೆ, ಜೊತೆಗಿದ್ದವರು ಬಿಟ್ಟುಹೋದಮೇಲೆ, ದುಡ್ಡು ಖಾಲಿಯಾದಮೇಲೆ, ಮಂಗಳವಾರ, ಬುಧವಾರ, ಗುರುವಾರ. ಅದು ಹೇಗಿರುತ್ತೆ ಅಂತ ನೋಡಬೇಕಾದ್ರೆ ರಮಾಬಾಯಿಗಿಂತ ಒಳ್ಳೆ ಉದಾಹರಣೆ ನಂಗೆ ಸಿಕ್ಕಿಲ್ಲ. ಅದೂ ನಮ್ಮ ಘಾಟಿಯವರು!

ಭಾಗ 2

ಮೊದಲು ಅಪ್ಪ-ಅಮ್ಮನ ವಿಷಯ. ಅನಂತ ಶಾಸ್ತ್ರಿ ಹುಡುಗನಾಗಿದ್ದಾಗ ಪುಣೆಯಲ್ಲಿ ಓದಿದವರು. ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡ್ತಿದ್ದರು. ಒಬ್ಬ ಹೆಂಗಸು ಸಂಸ್ಕೃತ ಕಾವ್ಯ ಓದೋದನ್ನ ಕೇಳಿ ಈ ಹುಡುಗ ಬೆರಗಾದ. ನನ್ನ ಹೆಂಡತಿಗೂ ಕಲಿಸ್ತೀನಿ ಅಂತ ಆವತ್ತೇ ತೀರ್ಮಾನ ಮಾಡಿಕೊಂಡ. ಮುಂದೆ ಲಕ್ಷ್ಮೀಬಾಯಿಗೆ ಕಲಿಸಿದರು ಕೂಡ. ಊರಿನವರು ಸುಮ್ಮನಿರ್ತಾರಾ? ಉಡುಪಿಯಲ್ಲಿ ಪಂಡಿತರ ಮುಂದೆ ಉತ್ತರ ಕೊಡಬೇಕಾಯ್ತು, ಹೆಂಗಸರು ಇದನ್ನು ಕಲಿಯಬಾರದು ಅಂತ ಶಾಸ್ತ್ರದಲ್ಲಿ ಎಲ್ಲಿದೆ ಅಂತ ಗ್ರಂಥಗಳನ್ನೇ ಮುಂದಿಟ್ಟು ವಾದ ಮಾಡಿದರು ಅಂತ ಅವರ ಬಗ್ಗೆ ಬರೆದವರು ಹೇಳ್ತಾರೆ. ನಾಡಿನ ಕಿರಿಕಿರಿ ಬೇಡ ಅಂತ ಕಾಡಿಗೆ ಹೋಗಿ ನೆಲೆಸಿದ್ದು ಈ ಮನುಷ್ಯ. ಮಗಳ ಹಟ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ರಮಾಗೆ ಆರು ತಿಂಗಳಿರುವಾಗ ಮನೆಯವರೆಲ್ಲ ತೀರ್ಥಯಾತ್ರೆಗೆ ಹೊರಟರು. ಮಗುವನ್ನ ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆ ಮೇಲೆ ಹೊರಿಸಿ ಘಾಟಿ ಇಳಿಸಿದ್ರಂತೆ. ಆಮೇಲೆ ಬದುಕೆಲ್ಲ ದಾರಿಯಲ್ಲೇ. ದೇವಸ್ಥಾನದ ಜಗಲಿ, ನದಿ ದಂಡೆ, ಎಲ್ಲೆಂದರಲ್ಲಿ ಕೂತು ಪುರಾಣ ಓದೋದು, ಜನ ಕೊಟ್ಟದ್ದರಲ್ಲಿ ಜೀವನ. ಸಂಸ್ಕೃತ ಕಲಿಸಿದ್ದು ಅಮ್ಮ. ಹನ್ನೆರಡನೇ ವಯಸ್ಸಿಗೆ ಭಾಗವತದ 18,000 ಶ್ಲೋಕ ಬಾಯಲ್ಲಿತ್ತು ಅಂತಾರೆ. (ನಂಗೆ ಜಿಎಸ್‌ಟಿಯ ಸೆಕ್ಷನ್ ನಂಬರ್‌ಗಳೇ ಬಾಯಲ್ಲಿ ನಿಲ್ಲಲ್ಲ.)

1870ರ ದಶಕದಲ್ಲಿ ದಕ್ಷಿಣದಲ್ಲಿ ಬರಗಾಲ ಬಂತು. ಇಟ್ಟುಕೊಂಡಿದ್ದ ಹಣ ದಾನಧರ್ಮಕ್ಕೆ ಹೋಗಿತ್ತು, ಕೂಲಿ ಮಾಡೋಕೆ ಪಂಡಿತರ ಮನೆತನ ಅನ್ನೋ ಮರ್ಯಾದೆ ಅಡ್ಡ ಬಂತು. ಕಾಡಲ್ಲಿ ಎಲೆ ತಿಂದುಕೊಂಡು ಇದ್ದರು. ಅಪ್ಪ ಹೋದರು, ಅಮ್ಮ ಹೋದರು, ಅಕ್ಕ ಹೋದರು. ಉಳಿದದ್ದು ರಮಾ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಸಾವಿರಾರು ಮೈಲಿ ನಡೆದರು. 1878ರಲ್ಲಿ ಕಲ್ಕತ್ತಾ ತಲುಪಿದಾಗ ಅಲ್ಲಿನ ಪಂಡಿತರು ಈ 20 ವರ್ಷದ ಹುಡುಗಿಯನ್ನ ಪರೀಕ್ಷೆ ಮಾಡಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. 20 ವರ್ಷ. ನಮ್ಮ ವಯಸ್ಸು.

ಈ ಬರಗಾಲವನ್ನ ನೆನಪಿಟ್ಟುಕೊಳ್ಳಿ. 20 ವರ್ಷ ಆದಮೇಲೆ ಅದು ವಾಪಸ್ ಬರುತ್ತೆ.

ಭಾಗ 3

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ರಮಾಬಾಯಿ ಅಣ್ಣನ ಗೆಳೆಯ ಬಿಪಿನ್ ಬಿಹಾರಿ ಅನ್ನೋ ಬಂಗಾಳಿ ವಕೀಲರನ್ನ ಮದುವೆಯಾದರು. ಜಾತಿ ಬೇರೆ, ಭಾಷೆ ಬೇರೆ, ರಿಜಿಸ್ಟರ್ ಮದುವೆ. 1881ರಲ್ಲಿ ಮಗಳು ಮನೋರಮಾ. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಗೆ ಬಲಿ. ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ. 23 ವರ್ಷಕ್ಕೆ ವಿಧವೆ, ಕೈಯಲ್ಲಿ ಒಂದು ಕೂಸು.

ಗಂಡ ಇದ್ದಾಗಲೇ, ಅಸ್ಸಾಂ ಕಡೆಯ ಸಿಲ್ಚಾರ್‌ನ ಮನೆಯಲ್ಲಿ, ಅವರ ಪುಸ್ತಕಗಳ ನಡುವೆ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಸಿಕ್ಕಿತ್ತು. ಓದಿ ಇಷ್ಟಪಟ್ಟಿದ್ದರು. ಗಂಡನಿಗೆ ಅದು ಹಿಡಿಸಿರಲಿಲ್ಲ. ಗಂಡ ಹೋದಮೇಲೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಶುರುಮಾಡಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಟೀಚರ್‌ಗಳು, ಲೇಡಿ ಡಾಕ್ಟರ್‌ಗಳು ಬೇಕು ಅಂತ ಹೇಳಿದರು. 1883ರಲ್ಲಿ ವೈದ್ಯಕೀಯ ಓದೋಕೆ ಅಂತ ಮಗಳನ್ನ ಕರೆದುಕೊಂಡು ಇಂಗ್ಲೆಂಡ್‌ಗೆ ಹೋದರು. ಆದರೆ ಕಿವಿ ಮಂದವಾಗ್ತಾ ಬಂದಿತ್ತು. ಡಾಕ್ಟರ್ ಆಗೋ ಕನಸು ಅಲ್ಲಿಗೇ ನಿಂತಿತು. ಜೊತೆಗೆ ಬಂದಿದ್ದ ಗೆಳತಿ ಅಲ್ಲೇ ಪ್ರಾಣ ಕಳೆದುಕೊಂಡಳು. ಪರದೇಶದಲ್ಲಿ ಮತ್ತೊಂದು ಸಾವು.

ಅವರು ಇಳಿದುಕೊಂಡಿದ್ದು ವಾಂಟೇಜ್ ಅನ್ನೋ ಊರಿನ ಕನ್ಯಾಸ್ತ್ರೀಯರ ಮಠದಲ್ಲಿ. ಆ ಸಿಸ್ಟರ್‌ಗಳು ಲಂಡನ್‌ನ ಫುಲ್‌ಹ್ಯಾಮ್‌ನಲ್ಲಿ ಒಂದು ಆಶ್ರಯಮನೆ ನಡೆಸ್ತಿದ್ದರು. 'ಕೆಟ್ಟವಳು' ಅಂತ ಸಮಾಜ ಹೊರಗೆ ಹಾಕಿದ ಹೆಂಗಸರಿಗೆ ಅಲ್ಲಿ ಜಾಗ. ರಮಾಬಾಯಿ ಅದನ್ನ ನೋಡಿ ನಿಂತುಬಿಟ್ಟರು. ನೀವು ಇವರನ್ನ ಯಾಕೆ ಸೇರಿಸಿಕೊಂಡಿರಿ ಅಂತ ಕೇಳಿದಾಗ ಒಬ್ಬ ಸಿಸ್ಟರ್ ಯೇಸು ಬಾವಿಯ ಹತ್ತಿರ ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಕಥೆ ಹೇಳಿದರು. 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ.

ಇಲ್ಲಿ ಗಮನಿಸಿ: ಕರೆ ಅನ್ನೋದು ಅವರಿಗೆ ಬಂದದ್ದು ಒಂದು ಕೆಲಸದ ರೂಪದಲ್ಲಿ. ಯಾರಿಗೂ ಬೇಡವಾದ ಹೆಂಗಸರು, ಅವರಿಗೊಂದು ಮನೆ. ಆಮೇಲೆ ಸಾಯೋವರೆಗೂ ಈ ಎರಡನ್ನ ಅವರು ಬೇರೆ ಬೇರೆ ಮಾಡಲೇ ಇಲ್ಲ.

ಭಾಗ 4

ದೀಕ್ಷಾಸ್ನಾನ ಆಯ್ತು, ಇನ್ನೇನು ಚರ್ಚಿನವರು ಖುಷಿ, ಅಂದುಕೊಂಡ್ರಾ? ಒಂದೇ ವರ್ಷದೊಳಗೆ ಜಗಳ ಶುರು. ಇದು ನನ್ನ ಫೇವರಿಟ್ ಭಾಗ.

ರಮಾಬಾಯಿ ಪ್ರಶ್ನೆ ಕೇಳೋದು ಬಿಡಲಿಲ್ಲ. ತ್ರಿಯೇಕತ್ವದ ಬಗ್ಗೆ ಪತ್ರದ ಮೇಲೆ ಪತ್ರ ಬರೆದರು. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕೆ, ಸಂಸ್ಕೃತದಲ್ಲಿ ಯಾಕಿರಬಾರದು ಅಂತ ಕೇಳಿದರು. ಮಾಂಸ ಮುಟ್ಟಲಿಲ್ಲ. ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸ್ತಿದ್ದರು. ಗಂಡಸರಿಗೂ ಪಾಠ ಹೇಳುವ ಮಾತು ಬಂದಾಗ ಬಿಷಪ್‌ಗಳು ಬೇಡ ಅಂದರು. ಅದಕ್ಕೆ ಅವರು ಕೊಟ್ಟ ಉತ್ತರದ ಸಾರ ಇಷ್ಟು: ನಮ್ಮೂರಿನ ಪುರೋಹಿತರ ನೊಗ ಈಗಷ್ಟೇ ಕಷ್ಟಪಟ್ಟು ಇಳಿಸಿ ಬಂದಿದ್ದೀನಿ, ಇನ್ನೊಬ್ಬರ ನೊಗಕ್ಕೆ ಕುತ್ತಿಗೆ ಕೊಡೋಕೆ ತಯಾರಿಲ್ಲ.

ಅವರಿಗೆ ತಾಯಿಯಂತಿದ್ದ ಸಿಸ್ಟರ್ ಜೆರಾಲ್ಡೀನ್‌ಗೆ ಇದು ಅಹಂಕಾರ ಅನಿಸಿತು. ನಂಗೆ ಹಾಗೆ ಅನಿಸಲ್ಲ. ಒಪ್ಪಿಕೊಂಡದ್ದು ಕ್ರಿಸ್ತನನ್ನ, ಬಿಷಪ್‌ರ ಸಹಿಯನ್ನಲ್ಲ ಅನ್ನೋದು ಅವರಿಗೆ ಸ್ಪಷ್ಟವಾಗಿತ್ತು. ತಮಾಷೆ ಅಂದ್ರೆ, ಮುಂದೆ 1890ರ ದಶಕದ ಶುರುವಿನ ಬಗ್ಗೆ ಬರೆಯುವಾಗ ಅವರೇ ತಮ್ಮ ಮೇಲೆ ಇನ್ನೂ ಕಠಿಣವಾಗಿ ತೀರ್ಪು ಕೊಟ್ಟುಕೊಂಡಿದ್ದಾರೆ. ಅಲ್ಲಿಯವರೆಗೂ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಅನ್ನೋ ಅರ್ಥದ ಮಾತು. ದೀಕ್ಷಾಸ್ನಾನ ಆಗಿ ಏಳೆಂಟು ವರ್ಷ ಆದಮೇಲೆ!

ಇತ್ತ ಊರಲ್ಲಿ ಮತಾಂತರದ ಸುದ್ದಿಗೆ ಬೆಂಕಿ ಬಿದ್ದಿತ್ತು. ಪುಣೆಯಲ್ಲಿ ಹೊಗಳಿದವರೇ ಬೈದರು. ಜೋತಿರಾವ್ ಫುಲೆ ಮಾತ್ರ 1885ರಲ್ಲಿ 'ಸತ್ಸಾರ' ಅನ್ನೋ ಪುಸ್ತಿಕೆಯಲ್ಲಿ ಅವರ ಪರವಾಗಿ ಬರೆದರು. ಅಂದ್ರೆ ಈ ಕಡೆಯವರಿಗೆ ಅವಳು ಬಿಟ್ಟುಹೋದವಳು, ಆ ಕಡೆಯವರಿಗೆ ಪೂರ್ತಿ ಬಾರದವಳು. ಈ ನಡುವಿನ ಜಾಗದಲ್ಲೇ ಅವರು ಉಳಿದ ಬದುಕು ಕಳೆದರು.

ಭಾಗ 5

ಈಗ ನಮ್ಮ ಬಿಕಾಂ ಬ್ಯಾಚ್‌ಗೆ ಸಂಬಂಧಪಟ್ಟ ಭಾಗ. ದುಡ್ಡು.

1886ರಲ್ಲಿ ರಮಾಬಾಯಿ ಅಮೆರಿಕಕ್ಕೆ ಹೋದರು. ಕಾರಣ, ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯೋದನ್ನ ನೋಡೋಕೆ. 1887ರಲ್ಲಿ ಅಲ್ಲೇ ಇಂಗ್ಲಿಷ್‌ನಲ್ಲಿ ಮೇಲ್ಜಾತಿ ಹಿಂದೂ ಹೆಂಗಸರ ಬದುಕಿನ ಬಗ್ಗೆ ಪುಸ್ತಕ ಬರೆದರು. ಊರೂರು ಸುತ್ತಿ ಭಾಷಣ ಮಾಡಿದರು. ಬಾಸ್ಟನ್‌ನಲ್ಲಿ ಅಮೆರಿಕನ್ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಹತ್ತು ವರ್ಷ ನಿಮ್ಮ ವಿಧವೆಯರ ಶಾಲೆಗೆ ಹಣ ಕೊಡ್ತೀವಿ ಅಂತ ಮಾತು ಕೊಟ್ಟರು. ಶರತ್ತು: ಶಾಲೆಯಲ್ಲಿ ಧರ್ಮಪ್ರಚಾರ ಇಲ್ಲ.

1889ರ ಮಾರ್ಚ್ 11ರಂದು ಮುಂಬೈಯಲ್ಲಿ ಶಾರದಾ ಸದನ ಶುರು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ ಧೋಂಡೋ ಕೇಶವ ಕರ್ವೆಯವರನ್ನ ಮರುಮದುವೆಯಾದ ಆನಂದಿಬಾಯಿ ಕರ್ವೆ ಇವರೇ. ಸಲಹಾ ಮಂಡಳಿಯಲ್ಲಿ ರಾನಡೆ, ಭಂಡಾರ್ಕರ್ ಅಂಥ ದೊಡ್ಡ ಹೆಸರುಗಳು. ಮರುವರ್ಷ ಶಾಲೆ ಪುಣೆಗೆ ಬಂತು.

ರಮಾಬಾಯಿ ಶರತ್ತು ಮುರಿಯಲಿಲ್ಲ, ಕ್ಲಾಸಲ್ಲಿ ಬೈಬಲ್ ಕಲಿಸಲಿಲ್ಲ. ಆದರೆ ತನ್ನ ಕೋಣೆಯಲ್ಲಿ ಮಗಳ ಜೊತೆ ಬೆಳಗ್ಗೆ ಪ್ರಾರ್ಥನೆ ಮಾಡುವಾಗ ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರೋಕೆ ಶುರುಮಾಡಿದರು. ಪತ್ರಿಕೆಗಳಲ್ಲಿ ಗಲಾಟೆ, ತಿಲಕರ 'ಕೇಸರಿ'ಯಲ್ಲಿ ಕಟು ಟೀಕೆ. 1893ರಲ್ಲಿ ರಾನಡೆ, ಭಂಡಾರ್ಕರ್ ಮಂಡಳಿ ಬಿಟ್ಟರು. ಸುಮಾರು 25 ಹುಡುಗಿಯರನ್ನ ಮನೆಯವರು ಬಂದು ಕರೆದುಕೊಂಡು ಹೋದರು.

ಬಾಗಿಲು ಹಾಕಿದ್ದರೆ ಮುಗೀತಿತ್ತು. ಒಂದು ಚಿಲಕದ ಕೆಲಸ. ನಾನಾಗಿದ್ರೆ ಹಾಕ್ತಿದ್ದೆ ಅನಿಸುತ್ತೆ, ಸಂಸ್ಥೆ ಉಳಿಯಲಿ ಅಂತ. ಆದರೆ ಹಿಂದೂ ತಾಯಿ ತನ್ನ ಮನೆಯಲ್ಲಿ ಬಾಗಿಲು ತೆರೆದು ಪೂಜೆ ಮಾಡಬಹುದಾದ್ರೆ ನಾನು ಯಾಕೆ ಬಚ್ಚಿಟ್ಟು ಪ್ರಾರ್ಥನೆ ಮಾಡಲಿ ಅನ್ನೋದು ಅವರ ನಿಲುವು. ರಾನಡೆಯವರ ಕಡೆಯ ಭಯವೂ ಸುಳ್ಳಲ್ಲ ಅನ್ನಿ. ಆ ಹುಡುಗಿಯರ ಮನೆಯವರು ನಂಬಿ ಕಳಿಸಿದ್ದು ಜಾತ್ಯತೀತ ಶಾಲೆಗೆ, ಅಲ್ಲಿ ಕೆಲವರು ಕ್ರೈಸ್ತರಾದದ್ದೂ ನಿಜ. ಇಬ್ಬರ ಮಾತಲ್ಲೂ ಅರ್ಥ ಇದ್ದ ಜಗಳ ಇದು. ಬೆಲೆ ತೆತ್ತದ್ದು ಮಾತ್ರ ರಮಾಬಾಯಿ.

ಅಕೌಂಟ್ಸ್‌ನಲ್ಲಿ 'ಗೋಯಿಂಗ್ ಕನ್ಸರ್ನ್' ಅಂತ ಓದ್ತೀವಲ್ಲ, ಸಂಸ್ಥೆ ಮುಂದೆಯೂ ನಡೆಯುತ್ತೆ ಅಂತ ಊಹಿಸಿಕೊಂಡೇ ಲೆಕ್ಕ ಬರೆಯೋದು. ಹತ್ತು ವರ್ಷದ ಗಡುವಿರೋ ಹಣದ ಮೇಲೆ ನಿಂತ ಶಾಲೆ ಅದು. ರಮಾಬಾಯಿಗೆ ಗೊತ್ತಿತ್ತು. ಅದಕ್ಕೇ ಪುಣೆಯಿಂದ ಆಚೆ ಕೇಡಗಾಂವ್‌ನಲ್ಲಿ ಜಮೀನು ಕೊಂಡು, ಬಾವಿ ತೋಡಿಸಿ ಹಣ್ಣಿನ ಗಿಡ ಹಾಕಿಸಿದರು. ಅಮೆರಿಕದ ಹಣ ನಿಂತರೆ ತೋಟದ ಆದಾಯ ಇರಲಿ ಅಂತ. ಬೆಂಗಳೂರಿಂದ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೋಗಿದ್ರೆ ನೀವು ಆ ಊರು ದಾಟಿದ್ದೀರಿ. ಕಲಬುರಗಿ, ಸೋಲಾಪುರ, ದೌಂಡ್ ಆದಮೇಲೆ, ಪುಣೆಗಿಂತ ಮೊದಲು.

ಭಾಗ 6

1896ರ ಕೊನೆಗೆ ಮಧ್ಯಪ್ರಾಂತ್ಯದಲ್ಲಿ ಬರಗಾಲ. ನೆನಪಿಟ್ಟುಕೊಳ್ಳಿ ಅಂದಿದ್ನಲ್ಲ.

ಎಲೆ ತಿಂದು ಬದುಕಿದ್ದ ಹುಡುಗಿಗೆ ಈಗ 38 ವರ್ಷ. ಸುದ್ದಿ ಓದಿ ಕೂರೋಕೆ ಆಗಲಿಲ್ಲ. ಕೈಯಲ್ಲಿ ಹೆಚ್ಚು ಹಣ ಇರಲಿಲ್ಲ, ಅಮೆರಿಕದವರ ಹಣ ಇದಕ್ಕೆ ಅಂತ ಬಂದದ್ದೂ ಅಲ್ಲ. ಆದರೂ ಹೋದರು. ಪರಿಹಾರ ಕೇಂದ್ರಗಳಲ್ಲಿ, ರಸ್ತೆ ಬದಿಯಲ್ಲಿ ಎಲುಬಿನ ಗೂಡಾಗಿದ್ದ ಹುಡುಗಿಯರನ್ನ, ಅವರ ಹಿಂದೆ ಸುತ್ತುತ್ತಿದ್ದ ದಲ್ಲಾಳಿಗಳನ್ನ ನೋಡಿದರು. 300 ಹುಡುಗಿಯರನ್ನ ತರಬೇಕು ಅಂತ ಲೆಕ್ಕ ಹಾಕಿಕೊಂಡರು. ತಂದರು.

ಪುಣೆಯಲ್ಲಿ ಆಗ ಪ್ಲೇಗ್. ಊರೊಳಗೆ ಹೊಸಬರನ್ನ ಇಟ್ಟುಕೊಳ್ಳೋ ಹಾಗಿಲ್ಲ ಅಂತ ಸರ್ಕಾರದ ಹುಕುಂ. ಹಾಗಾಗಿ ಎಲ್ಲರನ್ನೂ ಕೇಡಗಾಂವ್‌ನ ಹಣ್ಣಿನ ತೋಟಕ್ಕೆ ಕರೆದುಕೊಂಡು ಹೋಗಿ ಡೇರೆ ಹಾಕಿದರು. ಅದೇ ಮುಂದೆ 'ಮುಕ್ತಿ' ಆಯ್ತು. ಆದಾಯಕ್ಕೆ ಅಂತ ಮಾಡಿದ ತೋಟ ಖರ್ಚಿನ ಮನೆ ಆಗಿಹೋಯ್ತು.

ಅದೇ 1897ರಲ್ಲಿ ಅವರು ಸರ್ಕಾರದ ಮೇಲೂ ತಿರುಗಿಬಿದ್ದರು. ಪ್ಲೇಗ್ ಆಸ್ಪತ್ರೆ ಮತ್ತು ಕ್ಯಾಂಪ್‌ಗಳಲ್ಲಿ ಹೆಂಗಸರಿಗೆ ರಕ್ಷಣೆ ಇಲ್ಲ, ತನ್ನ ಹುಡುಗಿಯೊಬ್ಬಳು ಅಲ್ಲಿಗೆ ಹೋಗಿ ಕಾಣೆಯಾದಳು ಅಂತ 'ಬಾಂಬೆ ಗಾರ್ಡಿಯನ್' ಪತ್ರಿಕೆಗೆ ಪತ್ರ ಬರೆದರು. ವಿಷಯ ಲಂಡನ್‌ನ ಪಾರ್ಲಿಮೆಂಟಿನವರೆಗೆ ಹೋಯ್ತು. ಗವರ್ನರ್ ಸ್ಯಾಂಡ್‌ಹರ್ಸ್ಟ್ ಇದೆಲ್ಲ ಸರಿಯಲ್ಲ ಅಂತ ತಳ್ಳಿಹಾಕಿದರು. ಕ್ರೈಸ್ತರಾದ್ರೆ ಬ್ರಿಟಿಷರ ಕಡೆ ಅಂತ ಸುಲಭವಾಗಿ ಹೇಳಿಬಿಡ್ತೀವಲ್ಲ, ಈ ಪತ್ರ ಒಮ್ಮೆ ನೆನಪು ಮಾಡಿಕೊಳ್ಳಿ.

1900ರ ಸುಮಾರಿಗೆ ಗುಜರಾತ್‌ನಲ್ಲಿ ಇನ್ನೊಂದು ಬರಗಾಲ. ಮುಕ್ತಿಯಲ್ಲಿ ಇದ್ದವರ ಸಂಖ್ಯೆ 1,500 ದಾಟಿತು. ಒಂದು ಸಲ ಲೆಕ್ಕ ಹಾಕಿ ನೋಡಿ: ದಿನಕ್ಕೆ ಎರಡೇ ಊಟ ಅಂದರೂ 3,000 ತಟ್ಟೆ.

ಭಾಗ 7

ಮುಕ್ತಿಯೊಳಗೆ ಏನೇನಿತ್ತು? ಶಾಲೆ, ಹೊಲ, ಮಗ್ಗ, ಎಣ್ಣೆ ತೆಗೆಯೋ ಗಾಣ, ಪ್ರೆಸ್. ಕಣ್ಣು ಕಾಣದ ಹೆಂಗಸರಿಗೆ ಬೇರೆ ಮನೆ, ಅಲ್ಲಿ ಬ್ರೈಲ್ ಕಲಿಸ್ತಿದ್ದರು. ಗಂಡಸರಿಂದ ಮೋಸಹೋದವರಿಗೆ 'ಕೃಪಾ ಸದನ'. ಫುಲ್‌ಹ್ಯಾಮ್‌ನಲ್ಲಿ ನೋಡಿದ್ದನ್ನ ಅವರು ಮರೆತಿರಲಿಲ್ಲ. 1905ರಲ್ಲಿ ಅಲ್ಲಿ ದೊಡ್ಡ ಪ್ರಾರ್ಥನಾ ಉಜ್ಜೀವನ ನಡೆಯಿತು, ಪೆಂಟಕೋಸ್ಟ್ ಸಭೆಗಳ ಇತಿಹಾಸ ಬರೆಯುವವರು ಇವತ್ತೂ ಅದನ್ನ ಹೇಳ್ತಾರೆ. ಅದರ ಬಗ್ಗೆ ಬೇಕಾದ್ರೆ ಬೇರೆ ಸರಣಿ ಮಾಡೋಣ.

ಟೀಕೆ ನಿಲ್ಲಲಿಲ್ಲ. ಹಸಿದ ಮಕ್ಕಳನ್ನ ಕ್ರೈಸ್ತರನ್ನಾಗಿ ಮಾಡ್ತಿದ್ದಾರೆ ಅಂತ ಆಗಲೂ ಕೇಳಿದರು, ಈಗಲೂ ಕೇಳ್ತಾರೆ. ಮುಕ್ತಿ ಶಾರದಾ ಸದನದ ಹಾಗೆ ತಟಸ್ಥ ಅಂತ ಹೇಳಿಕೊಳ್ಳಲಿಲ್ಲ, ಅದು ಬಹಿರಂಗವಾಗಿ ಕ್ರೈಸ್ತ ಸಂಸ್ಥೆ. ಪ್ರಶ್ನೆ ಕೇಳೋದು ತಪ್ಪಲ್ಲ. ಆದರೆ ಆ ಮಕ್ಕಳನ್ನ ರಸ್ತೆಯಿಂದ ಎತ್ತಿಕೊಳ್ಳೋಕೆ ಆ ದಿನ ಎಷ್ಟು ಜನ ಬಂದಿದ್ದರು ಅನ್ನೋದನ್ನೂ ಜೊತೆಗೇ ಕೇಳಬೇಕು ಅಂತ ನನ್ನ ಅಭಿಪ್ರಾಯ. ಒಪ್ಪದವರು ಕಮೆಂಟ್‌ನಲ್ಲಿ ಜಗಳ ಮಾಡಿ, ಬೈಗುಳ ಬೇಡ.

ಇನ್ನೊಂದು ನಮ್ಮ ಲಿಂಕ್. 1912ರಲ್ಲಿ ರಮಾಬಾಯಿ ಗುಲ್ಬರ್ಗಾದಲ್ಲಿ, ಅಂದ್ರೆ ಈಗಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಹೈಸ್ಕೂಲ್ ತೆರೆದರು. ಆಗ ಅದು ನಿಜಾಮರ ರಾಜ್ಯ. ಪ್ರಿನ್ಸಿಪಾಲ್ ಮಗಳು ಮನೋರಮಾ. ಕಾಲರಾ ಮನೆಯಿಂದ ಹೊತ್ತು ತಂದ ಆ ಕೂಸು ಈಗ ಅಮ್ಮನ ಬಲಗೈ. ಮುಂದೆ ಮುಕ್ತಿಯನ್ನ ನೋಡಿಕೊಳ್ಳೋದು ಅವಳೇ ಅಂತ ಎಲ್ಲರೂ ಅಂದುಕೊಂಡಿದ್ದರು.

ಭಾಗ 8 (ಕೊನೆಯದು)

ಇಷ್ಟೆಲ್ಲ ನಡೆಯುವಾಗ ರಮಾಬಾಯಿ ಇನ್ನೊಂದು ಕೆಲಸ ಹಿಡಿದಿದ್ದರು. ಆಗಿದ್ದ ಮರಾಠಿ ಬೈಬಲ್ ಸಂಸ್ಕೃತ ತುಂಬಿದ ಭಾಷೆಯಲ್ಲಿತ್ತು. ಭಾಗವತ ಬಾಯಿಪಾಠ ಬಂದವರಿಗೆ ಅದೇನೂ ಕಷ್ಟವಲ್ಲ. ಆದರೆ ಬರಗಾಲದ ಹಳ್ಳಿಗಳಿಂದ ಬಂದ, ನಿನ್ನೆಯಷ್ಟೇ ಅಕ್ಷರ ಕಲಿತ ಹುಡುಗಿಗೆ? ಅವಳಿಗೆ ಅರ್ಥವಾಗೋ ಮರಾಠಿಯಲ್ಲಿ ಇಡೀ ಬೈಬಲ್ ಬೇಕು ಅಂತ ಹೊರಟರು. ಯಾವುದೋ ಇಂಗ್ಲಿಷ್ ಅನುವಾದ ನೋಡಿಕೊಂಡು ಮಾಡಿದ್ದಲ್ಲ. ನಡುವಯಸ್ಸು ದಾಟಿದಮೇಲೆ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಮಾಡಿದರು. ಕಿವಿ ಹೆಚ್ಚು ಕೇಳಿಸ್ತಿರಲಿಲ್ಲ. 15 ವರ್ಷಕ್ಕೂ ಹೆಚ್ಚು ಕಾಲ, ಸಾವಿರಾರು ಜನರ ಸಂಸ್ಥೆ ನಡೆಸ್ತಾ, ಪುಟ ಪುಟವಾಗಿ.

ಇಡೀ ಸಂಸ್ಕೃತ ಪಾಂಡಿತ್ಯ ಇದ್ದವರು ತಮ್ಮ ಪಾಂಡಿತ್ಯವನ್ನೇ ಪಕ್ಕಕ್ಕಿಟ್ಟು ಅಡುಗೆಮನೆ ಮರಾಠಿ ಹುಡುಕಿಕೊಂಡು ಕೂತದ್ದು ನಂಗೆ ಬರಗಾಲದ ಕೆಲಸಕ್ಕಿಂತ ಕಷ್ಟದ್ದು ಅನಿಸುತ್ತೆ.

1919ರಲ್ಲಿ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರ ಜುಲೈನಲ್ಲಿ ಮನೋರಮಾ ತೀರಿಕೊಂಡರು. 40 ವರ್ಷ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಈಗ ಮಗಳು. ಹಿಂದಿನ ಸಾವುಗಳ ಕಾಲಕ್ಕೆ ರಮಾಬಾಯಿ ಹರೆಯದವರು, ಎದ್ದು ನಡೆಯೋಕೆ ಕಾಲಲ್ಲಿ ಶಕ್ತಿ ಇತ್ತು. ಈಗ 63, ಮೈಯಲ್ಲಿ ಕಾಯಿಲೆ. ಸಂಸ್ಥೆಯ ಹೊಣೆ ಯಾರಿಗೆ ಅನ್ನೋದನ್ನ ಮತ್ತೆ ಮೊದಲಿಂದ ಯೋಚಿಸಬೇಕಿತ್ತು. ಅದನ್ನೂ ಮಾಡಿದರು, ಮತ್ತೆ ಮೇಜಿಗೆ ಬಂದು ಪ್ರೂಫ್ ಹಿಡಿದರು.

1922ರ ವಸಂತದಲ್ಲಿ ಕಾಯಿಲೆ ಜೋರಾಯ್ತು. ಮುಕ್ತಿಯಲ್ಲಿ ಇವತ್ತಿಗೂ ಹೇಳೋ ಒಂದು ಮಾತಿದೆ: ಪ್ರೂಫ್ ಮುಗಿಸೋಕೆ ಇನ್ನು ಹತ್ತು ದಿನ ಕೊಡು ಅಂತ ದೇವರನ್ನ ಕೇಳಿಕೊಂಡರು, ಹತ್ತನೇ ದಿನ ಕೊನೆಯ ಹಾಳೆ ತಿದ್ದಿ ಮುಗಿಸಿದರು ಅಂತ. ದಿನದ ಲೆಕ್ಕ ಅಷ್ಟು ಕರಾರುವಾಕ್ಕಾಗಿತ್ತಾ ಅಂತ ನೀವು ಕೇಳಬಹುದು, ನಾನೂ ಕೇಳಿದೆ. ಪ್ರೂಫ್ ಮುಗಿದದ್ದು ನಿಜ. ಏಪ್ರಿಲ್ 5ರ ಬೆಳಗ್ಗೆ ಅವರು ಏಳಲಿಲ್ಲ, ನಿದ್ದೆಯಲ್ಲೇ ಹೋಗಿದ್ದರು.

ಆ ಅನುವಾದ ಮರಾಠಿ ಸಭೆಗಳಲ್ಲಿ ಹೆಚ್ಚು ಬಳಕೆಗೆ ಬರಲಿಲ್ಲ, ಹಳೆಯದೇ ಉಳಿಯಿತು. ಪೂರ್ತಿ ಬೈಬಲ್ ಹೊರಬಂದದ್ದು 1924ರಲ್ಲಿ, ಮುಕ್ತಿಯದೇ ಪ್ರೆಸ್ಸಿನಿಂದ. ಮೊಳೆ ಜೋಡಿಸಿದ್ದು, ಅಚ್ಚು ಹಾಕಿದ್ದು, ಹೊಲಿದು ಬೈಂಡ್ ಮಾಡಿದ್ದು ಕೇಡಗಾಂವ್‌ನ ಆ ಹೆಣ್ಣುಮಕ್ಕಳೇ.